ವೈನಿ ಬರೆದ ಎರಡು ಗೆರೆಗಳು

ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ, ಊರೆಲ್ಲ ಬಂದ್ ಆಗಿ ಕೆಲವು ದಿನ ಕಳೆದಿದ್ದವು. ಒಂದು ಮುಂಜಾನೆ ವೈನಿ ಫೋನ್ ಮಾಡಿ, ನಮ್ಮ ಅಂಗಡಿಗೆ ಬರುವ ರೈತರು ಚಹಾ ಎಲ್ಲಿ ಕುಡಿಯುತ್ತಾರೆ ಎಂದು ಕೇಳಿದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಗದಗಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾರೆ. ಮನೆ ಬೆಟಗೇರಿಯಲ್ಲಿ. ನಾನು ಮುಂಡರಗಿಯಲ್ಲಿ ಅಪ್ಪನ ಜೊತೆ ಅಡತಿ ಅಂಗಡಿ ನೋಡಿಕೊಂಡಿರುವವನು. ರೈತರು ತಂದ ಜೋಳ, ಶೇಂಗಾ, ಗೋವಿನಜೋಳವನ್ನು ಮಾರಿಸಿಕೊಡುವುದು ನಮ್ಮ ಮನೆತನದ ಕಸುಬು. ಕಾಳುಕಡಿಗೆ ತಡೆ ಇರಲಿಲ್ಲವಾದ್ದರಿಂದ ನಮ್ಮ ಅಂಗಡಿ ಅರ್ಧ ಬಾಗಿಲು ತೆರೆದೇ ಇತ್ತು.

ಚಹಾದ ಪ್ರಶ್ನೆಯ ಬೆನ್ನಿಗೆ ಇನ್ನಷ್ಟು ಪ್ರಶ್ನೆಗಳು ಬಂದವು. ರೈತರು ಕೂತು ಮಾತಾಡುತ್ತಾರೋ, ತೂಕ ಮಾಡಿಸಿ ಹೊರಟುಬಿಡುತ್ತಾರೋ? ಒಂದು ಟಂಟಂ ಗಾಡಿಯಲ್ಲಿ ಒಂದೇ ಊರಿನವರು ಬರುತ್ತಾರೋ, ದಾರಿಯಲ್ಲಿ ಬೇರೆ ಊರಿನವರೂ ಹತ್ತುತ್ತಾರೋ? ಚೀಲ ಹೊರುವ ಹಮಾಲರು ನಮ್ಮಲ್ಲಷ್ಟೇ ಕೆಲಸ ಮಾಡುತ್ತಾರೋ, ನಾಲ್ಕು ಅಂಗಡಿ ಸುತ್ತುತ್ತಾರೋ? ನನಗೆ ತಿಳಿದಷ್ಟು ಹೇಳಿದೆ. ಮರುದಿನ ಮತ್ತೆ ಫೋನ್ ಬಂತು, ಮತ್ತೆ ಪ್ರಶ್ನೆಗಳು. ಮನೆಯಲ್ಲಿ ಕೂತು ಬೇಸರವಾಗಿ ಹೀಗೆ ಹೊತ್ತು ಕಳೆಯುತ್ತಿದ್ದಾರೆ ಎಂದುಕೊಂಡೆ.

ನಮ್ಮ ಮನೆಯಲ್ಲಿ ವೈನಿಯ ಸ್ಥಾನ ಯಾವಾಗಲೂ ಸ್ವಲ್ಪ ಬೇರೆಯಾಗಿತ್ತು. ಅವರು ಬೆಟಗೇರಿಯ ನೇಕಾರ ಮನೆಯ ಮಗಳು. ಅಣ್ಣ ಕಾಲೇಜಿನಲ್ಲಿ ಓದುವಾಗ ಮೆಚ್ಚಿ, ಹಟ ಹಿಡಿದು ಮದುವೆಯಾದ. ಅಪ್ಪ ಮದುವೆ ತಡೆಯಲಿಲ್ಲ, ಮುಂದೆ ನಿಂತು ಮಾಡಿಸಲೂ ಇಲ್ಲ. ಹಬ್ಬಕ್ಕೆ ಬಂದರೆ ಊಟ ಆಯಿತೇ ಎಂದು ಕೇಳುತ್ತಿದ್ದರು, ಅಷ್ಟೇ. ಜಗಳವೂ ಇಲ್ಲ, ಸಲುಗೆಯೂ ಇಲ್ಲ. ವೈನಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುತ್ತಿರಲಿಲ್ಲ. ಬಂದಾಗ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನನ್ನ ಮಗಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು, ನಗುತ್ತ ಹೋಗುತ್ತಿದ್ದರು.

ಅವರ ಪ್ರಶ್ನೆಗಳ ಹಿಂದೆ ಏನಿತ್ತು ಎಂಬುದು ಆ ಬೇಸಿಗೆ ಮುಗಿಯುವ ಹೊತ್ತಿಗೆ ತಿಳಿಯಿತು. ಮಾಲು ಸಾಗಿಸುವ ಪಾಸ್ ಇದ್ದುದರಿಂದ ನಾನು ಗದಗಕ್ಕೆ ಹೋಗಿ ಬರುತ್ತಿದ್ದೆ. ಹಾಗೆ ಹೋದಾಗ ಒಮ್ಮೆ ಬೆಟಗೇರಿಯ ಮನೆಗೆ ಜೋಳದ ಹಿಟ್ಟು ಕೊಡಲು ಹೋದೆ. ಓಣಿಯಲ್ಲಿ ಮಗ್ಗಗಳ ಸದ್ದಿರಲಿಲ್ಲ. ವೈನಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಪರದೆಯ ಮೇಲೆ ನಾಲ್ಕು ದುಂಡು ಚಿತ್ರಗಳು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಒಂದರಿಂದ ಇನ್ನೊಂದಕ್ಕೆ ಗೀಟುಗಳು, ಕೆಲವು ದಪ್ಪ, ಕೆಲವು ತೆಳು. ಜನ ಹೆಚ್ಚು ಓಡಾಡುವಲ್ಲಿ ಗೀಟು ದಪ್ಪ.

ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ಬಾಗಿಲಲ್ಲೇ ದೂರ ನಿಲ್ಲಿಸಿ ಹೇಳಿದರು.

"ಒಂದು ಊರಂದ್ರ ಮೂರು ಖೋಲಿ ಇರೂ ಮನಿ ಅಂತ ತಿಳೀರಿ. ಮೊದಲ್ನೇ ಖೋಲ್ಯಾಗ ಇನ್ನೂ ಜಡ್ಡು ಬರದವ್ರು. ಎರಡನೇದ್ರಾಗ ಈಗ ಜಡ್ಡಾದವ್ರು. ಮೂರನೇದ್ರಾಗ ಆರಾಮಾದವ್ರು, ಇಲ್ಲಾ ಹೋದವ್ರು. ಮೊದಲ್ನೇ ಖೋಲಿಯಿಂದ ಎರಡನೇದಕ್ಕ ಮಂದಿ ಎಷ್ಟು ಜಲ್ದಿ ಹೋಗ್ತಾರ ಅನ್ನೂದ ಎಲ್ಲಾ ಲೆಕ್ಕ. ಔಷಧ ಬರೂ ತನಕ ನಮ್ಮ ಕೈಯಾಗ ಇರೂದು ಒಂದ. ಯಾರು ಯಾರನ್ನ ಭೆಟ್ಟಿ ಆಗ್ತಾರ ಅನ್ನೂದು."

ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ ಎರಡು ಗೆರೆಗಳನ್ನು ತೋರಿಸಿದರು. ಜನ ಮೊದಲಿನಂತೆ ಕೂಡುತ್ತ ಹೋದರೆ ಒಂದು, ಕೂಡುವುದನ್ನು ಕಡಿಮೆ ಮಾಡಿದರೆ ಇನ್ನೊಂದು. ಮೊದಲ ಗೆರೆ ಗುಡ್ಡದಂತೆ ಕಡಿದಾಗಿ ಏರಿ ಇಳಿದಿತ್ತು. ಎರಡನೆಯದು ಕೆರೆಯ ಏರಿಯಂತೆ ತಗ್ಗಾಗಿ, ಉದ್ದಕ್ಕೆ ಮಲಗಿತ್ತು. ಎರಡಕ್ಕೂ ಅಡ್ಡಲಾಗಿ ಒಂದು ಕೆಂಪು ಗೀಟು. ಅದು ಆಸ್ಪತ್ರೆಗಳಲ್ಲಿ ಆಮ್ಲಜನಕ ಇರುವ ಹಾಸಿಗೆಗಳಂತೆ. ಗುಡ್ಡ ಆ ಗೀಟನ್ನು ದಾಟಿ ಎಷ್ಟೋ ಮೇಲೆ ಹೋಗಿತ್ತು. ಕೆರೆಯ ಏರಿಯಂತಹ ಗೆರೆ ಅದರ ಕೆಳಗೇ ಉಳಿದಿತ್ತು. ಕೆಳಗಿನ ಗೆರೆಯಲ್ಲೂ ಜನ ಜಡ್ಡು ಬೀಳುತ್ತಾರೆ, ಆದರೆ ಎಲ್ಲರೂ ಒಮ್ಮೆಗೇ ಬೀಳುವುದಿಲ್ಲ, ಬಂದವರಿಗೆ ಹಾಸಿಗೆ ಸಿಗುತ್ತದೆ ಎಂದರು. ಗೀಟಿನಿಂದ ಮೇಲೆ ಉಳಿದ ಭಾಗವನ್ನು ಬೆರಳಿನಿಂದ ಮುಚ್ಚಿ, ಇಲ್ಲಿರುವವರಿಗಾಗಿ ಇಷ್ಟೆಲ್ಲ ಎಂದರು. ನನಗೆ ಗಣಿತ ತಿಳಿಯುವುದಿಲ್ಲ. ಆದರೆ ಅವರ ಬೆರಳು ಎಷ್ಟು ಮಂದಿಯನ್ನು ಮುಚ್ಚಿತ್ತೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿರಲಿಲ್ಲ. ಅವರಿಂದ ಒಂದು ಕಾಲಕ್ಕೆ ಗಣಿತ ಕಲಿತ ಹುಡುಗಿಯೊಬ್ಬಳು ಡಾಕ್ಟರಾಗಿ ಶಿರಹಟ್ಟಿಯ ಸರಕಾರಿ ಆಸ್ಪತ್ರೆಯಲ್ಲಿದ್ದಳು. ಮುಂದೆ ಎಷ್ಟು ಹಾಸಿಗೆ ಬೇಕಾದೀತು ಎಂದು ಅವಳು ಗುರುಗಳನ್ನು ಕೇಳಿದಳು. ವೈನಿ ತಮಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದ ಮೇಲೆ ಸುಮ್ಮನಿರಲು ಆಗದೆ ಪುಸ್ತಕ ತೆರೆದರು.

ಮಳೆಗಾಲ ಹಿಡಿದಾಗ ಬಂದ್ ಸಡಿಲವಾಯಿತು, ಜಡ್ಡು ಹಳ್ಳಿಗಳ ಕಡೆ ಹರಿಯತೊಡಗಿತು. ಲಕ್ಷ್ಮೇಶ್ವರದ ಸಂತೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ಕೂಡುತ್ತವೆ. ಪೂರ್ತಿ ಮುಚ್ಚಬೇಕೆಂದು ಅಧಿಕಾರಿಗಳ ವಿಚಾರ. ಮುಚ್ಚಿದರೆ ನಾವು ಬದುಕುವುದು ಹೇಗೆ ಎಂದು ಮಾರುವವರ ಪ್ರಶ್ನೆ. ಡಾಕ್ಟರಮ್ಮ ತಾಲ್ಲೂಕಿನ ಅಧಿಕಾರಿಗೆ ವೈನಿಯ ವಿಷಯ ಹೇಳಿದಳು. ಅವರು ಶಿರಹಟ್ಟಿಯ ಸಭೆಗೆ ಬರಹೇಳಿದರು. ಬಸ್ಸುಗಳು ಸರಿಯಾಗಿ ಇರಲಿಲ್ಲವಾದ್ದರಿಂದ ವೈನಿಯನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಸಭೆಗೆ ಮೊದಲು ಲಕ್ಷ್ಮೇಶ್ವರಕ್ಕೆ ಹೋಗೋಣ ಎಂದರು. ಅದರ ಹಿಂದಿನ ವಾರವೇ ಸಂತೆಗೆ ಒಮ್ಮೆ ತಡೆ ಹಾಕಿ ನೋಡಿದ್ದರು. ಆ ದಿನ ಜನ ಏನು ಮಾಡಿದರು ಎಂಬುದು ವೈನಿಗೆ ಬೇಕಾಗಿತ್ತು. ಊರ ಹೊರಗಿನ ರಸ್ತೆಯಲ್ಲಿ ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು ಕೂತಿದ್ದರು. ವೈನಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಅವರನ್ನು ವಿಚಾರಿಸಿದರು. ಸಂತೆ ಇಲ್ಲದ್ದಕ್ಕೆ ಬೆಳಕು ಹರಿಯುವ ಮೊದಲೇ ಇದೇ ರಸ್ತೆಗೆ ಬಂದೆವು, ಪೊಲೀಸರು ಬರುವುದರೊಳಗೆ ಮಾರಿ ಹೋಗಬೇಕಾಗಿದ್ದರಿಂದ ಒಬ್ಬರ ಮೇಲೊಬ್ಬರು ಬಿದ್ದಂತೆ ವ್ಯಾಪಾರ ಆಯಿತು ಎಂದು ಅವರು ಹೇಳಿದರು. ಮಾಲು ಉಳಿದವರು ಶಿರಹಟ್ಟಿಗೆ ಒಯ್ದರಂತೆ. ವೈನಿ ಕಾರು ಹತ್ತಿದ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಏನೇನೋ ತಿದ್ದುತ್ತ ಕೂತರು.

ಶಿರಹಟ್ಟಿಯ ಸಭೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಧಿಕಾರಿ ವಯಸ್ಸಿನಲ್ಲಿ ಸಣ್ಣವರು, ನಿದ್ದೆಗೆಟ್ಟ ಮುಖ. ಉದ್ದ ಮಾತು ಕೇಳುವ ವ್ಯವಧಾನ ಅವರಿಗೆ ಇರಲಿಲ್ಲ, ಅದು ತಪ್ಪೂ ಅಲ್ಲ.

"ಮೇಡಂ, ಸಂತಿ ಬಂದ್ ಮಾಡಬೇಕೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ" ಎಂದರು.

"ಒಂದ ಮಾತಿನ್ಯಾಗ ಹೇಳೂದಾದ್ರ, ಒಡೀರಿ ಸರ್, ಮುಚ್ಚಬ್ಯಾಡ್ರಿ" ಎಂದರು ವೈನಿ. "ಮುಚ್ಚಿದ್ರ ಮಂದಿ ಮನ್ಯಾಗ ಕುಂಡ್ರೂದಿಲ್ರಿ. ಕಾಯಿಪಲ್ಲೆ ಎಲ್ಲಾರಿಗೂ ಬೇಕು. ಅವ್ರು ಇನ್ನೊಂದ್ಕಡೆ ಕೂಡ್ತಾರ, ನಮಗ ಕಾಣದಂಗ ಕೂಡ್ತಾರ, ಇನ್ನೂ ಒತ್ತಿ ಕೂಡ್ತಾರ. ಲಕ್ಷ್ಮೇಶ್ವರದಾಗ ಸಂತಿ ನಿಂತ್ರ ನನ್ನ ಲೆಕ್ಕದಾಗ ಶಿರಹಟ್ಟಿ ಗೆರಿ ಏರತೈತ್ರಿ."

ಆಮೇಲೆ ಬಿಡಿಸಿ ಹೇಳಿದರು. ಒಂದು ಸಂತೆಯನ್ನು ಬೇರೆ ಬೇರೆ ಬಯಲುಗಳಿಗೆ ಹಂಚಬೇಕು. ಯಾವ ಹಳ್ಳಿಯವರು ಯಾವ ಬಯಲಿಗೆ ಎಂಬುದು ಮೊದಲೇ ಗೊತ್ತಿರಬೇಕು, ಅದು ವಾರವಾರ ಬದಲಾಗಬಾರದು. ಎಲ್ಲಕ್ಕಿಂತ ಮುಖ್ಯ, ಮಾರುವವರು ತಮ್ಮ ಬಯಲು ಬಿಟ್ಟು ತಿರುಗಬಾರದು, ಏಕೆಂದರೆ ಕೊಳ್ಳುವವರು ಭೆಟ್ಟಿಯಾಗುವುದು ಕೆಲವರನ್ನು, ಮಾರುವವರು ಭೆಟ್ಟಿಯಾಗುವುದು ಎಲ್ಲರನ್ನು. ಹಳ್ಳಿಯಿಂದ ಬರುವ ಟಂಟಂಗಳಲ್ಲಿ ಒಂದೇ ಊರಿನವರು ಕೂತರೆ ಇನ್ನೂ ಒಳ್ಳೆಯದು.

ಹೀಗೆ ಮಾಡಿದರೆ ಜಡ್ಡಾದವರು ಎಷ್ಟಕ್ಕೆ ನಿಲ್ಲುತ್ತಾರೆ, ಒಂದು ಅಂಕಿ ಕೊಡಿ ಎಂದು ಅಧಿಕಾರಿ ಕೇಳಿದರು. ಮೇಲಿನವರಿಗೆ ಬರೆಯಲು ಅವರಿಗೆ ಅಂಕಿ ಬೇಕಾಗಿತ್ತು. ವೈನಿ ಕೊಡಲಿಲ್ಲ. ಇಷ್ಟರಿಂದ ಇಷ್ಟರ ನಡುವೆ ಎಲ್ಲೋ ಇರುತ್ತದೆ ಎಂದು ಅಗಲವಾದ ಪಟ್ಟಿಯಂತೆ ಬರೆದ ಗೆರೆಯೊಂದನ್ನು ತೋರಿಸಿದರು. ಇಷ್ಟು ಅಗಲ ಇದ್ದರೆ ಏನು ಉಪಯೋಗ ಎಂದು ಯಾರೋ ನಕ್ಕರು. ಒಂದೇ ಅಂಕಿ ಹೇಳಿದರೆ ನಿಮಗೆ ಸಮಾಧಾನ ಆದೀತು, ಆದರೆ ನಾನು ಸುಳ್ಳು ಹೇಳಿದಂತಾಗುತ್ತದೆ ಎಂದು ವೈನಿ ಮೆಲ್ಲಗೆ ಹೇಳಿದರು. ನಗು ನಿಂತಿತು. ಅಷ್ಟು ಜನರ ನಡುವೆ, ಬೆವರು ಕೂಡ ಒರೆಸಿಕೊಳ್ಳದೆ, ತಮಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂದು ಒಬ್ಬರು ಅಷ್ಟು ನೇರವಾಗಿ ಹೇಳುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಮ್ಮ ಮಾರುಕಟ್ಟೆಯಲ್ಲಂತೂ ನಾಳಿನ ಧಾರಣೆ ಗೊತ್ತಿಲ್ಲ ಎನ್ನುವವನಿಗೆ ಗಿರಾಕಿಯೇ ಇರುವುದಿಲ್ಲ.

ಸಂತೆ ಒಡೆಯಿತು. ಮೊದಲ ವಾರ ಗೊಂದಲ, ಬೈಗುಳ. ಆಮೇಲೆ ರೂಢಿಯಾಯಿತು. ಕೆಲವು ವಾರ ಎಲ್ಲ ವೈನಿಯ ಗೆರೆಯ ಹತ್ತಿರವೇ ನಡೆಯಿತು. ಡಾಕ್ಟರಮ್ಮ ಪ್ರತಿ ಸಂಜೆ ಆ ದಿನ ಜಡ್ಡಾದವರ ಸಂಖ್ಯೆ ಕಳಿಸುತ್ತಿದ್ದಳು, ವೈನಿ ಅದನ್ನು ಗೆರೆಯ ಮೇಲೆ ಚುಕ್ಕೆಯಾಗಿ ಇಡುತ್ತಿದ್ದರು.

ನಂತರ ಚುಕ್ಕೆಗಳು ಗೆರೆಯನ್ನು ಬಿಟ್ಟು ಮೇಲೆ ಹೋಗತೊಡಗಿದವು. ಗಣಪತಿ ಹಬ್ಬದ ಹೊತ್ತಿಗೆ ಇಳಿಯಬೇಕಾದದ್ದು ಏರಿತು, ಮುಂಡರಗಿಯಲ್ಲಂತೂ ಅವರು ಬರೆದ ಆ ಅಗಲ ಪಟ್ಟಿಯ ಹೊರಗೇ ಹೋಯಿತು. ಮತ್ತೊಂದು ಸಭೆ ಇತ್ತು. ಈ ಸಲ ಹೋಗುವುದು ಬೇಡ, ಜನ ಮುಖದ ಮೇಲೆ ಅಂದಾರು ಎಂದು ಅಣ್ಣ ಹೇಳಿದ. ವೈನಿ ಹೋದರು. ಸಭೆ ಶುರುವಾದೊಡನೆ, ಯಾರೂ ಕೇಳುವ ಮೊದಲೇ ಎದ್ದು ನಿಂತರು.

"ನಾ ಹೇಳಿದ್ದು ತಪ್ಪಾತ್ರಿ ಸರ್. ಎಲ್ಲಿ ತಪ್ಪಾತು ಅನ್ನೂದು ಅರ್ಧ ಗೊತ್ತಾಗೈತಿ. ಇನ್ನರ್ಧ ನಿಮ್ಮನ್ನ ಕೇಳಾಕ ಬಂದೀನಿ" ಎಂದರು.

ಮೊದಲ ವಾರ ಜನ ಎಷ್ಟು ನಿಯಮ ಪಾಲಿಸುತ್ತಾರೋ ಕೊನೆಯ ವಾರವೂ ಅಷ್ಟೇ ಪಾಲಿಸುತ್ತಾರೆ ಎಂದು ಅವರು ಲೆಕ್ಕ ಹಿಡಿದಿದ್ದರು. ಆದರೆ ಜನ ದಣಿಯುತ್ತಾರೆ. ಹಿಂದಿನ ದಿನ ಮುಂಡರಗಿಗೆ ಬಂದು ಅರ್ಧ ದಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದ್ದರು. ಮಾಸ್ಕುಗಳು ಗದ್ದದ ಮೇಲಿದ್ದವು. ಸುಣ್ಣದಲ್ಲಿ ಬರೆದ ವೃತ್ತಗಳ ಮೇಲೆ ಜನ ಚೀಲ ಇಟ್ಟು, ತಾವು ನೆರಳಲ್ಲಿ ಗುಂಪಾಗಿ ಕೂತಿದ್ದರು. ಯಾರಿಗೂ ಹೆದರಿಕೆ ಇಲ್ಲವೆಂದಲ್ಲ, ಹೆದರಿ ಹೆದರಿ ಸಾಕಾಗಿತ್ತು. ಮನುಷ್ಯ ದಣಿಯುವುದನ್ನು ಲೆಕ್ಕದಲ್ಲಿ ಹಿಡಿಯದಿದ್ದರೆ ಅದು ಗಣಿತದ ತಪ್ಪಲ್ಲ, ನನ್ನ ತಪ್ಪು ಎಂದು ವೈನಿ ಹೇಳಿದರು. ಆಮೇಲೆ ಸಲಹೆ ಕೊಟ್ಟರು. ಎಲ್ಲವನ್ನೂ ಒಂದೇ ಸಮ ಬಿಗಿ ಹಿಡಿದರೆ ಎಲ್ಲವೂ ಒಮ್ಮೆಲೇ ಸಡಿಲಾಗುತ್ತದೆ. ಬಯಲಲ್ಲಿ ನಿಂತು ಚಹಾ ಕುಡಿಯುವುದನ್ನು, ಹೊಲದ ಕೆಲಸವನ್ನು, ಸಂಜೆ ಅಡ್ಡಾಡುವುದನ್ನು ಬಿಟ್ಟುಬಿಡಿ. ನಾಲ್ಕು ಗೋಡೆಯೊಳಗೆ ಬೇರೆ ಬೇರೆ ಊರಿನವರು ಕೂಡುವುದನ್ನು ಮಾತ್ರ ಗಟ್ಟಿಯಾಗಿ ತಡೆಯಿರಿ.

"ಮಂದಿಗೆ ಉಸಿರಾಡಾಕ ಎಲ್ಲೆರ ಜಾಗಾ ಬಿಡಬೇಕ್ರಿ. ಇಲ್ಲಂದ್ರ ಅವ್ರು ನಾವು ಬ್ಯಾಡಂದಲ್ಲೇ ಜಾಗಾ ಮಾಡ್ಕೊಂತಾರ."

ಅಧಿಕಾರಿ ಇನ್ನರ್ಧ ಏನು ಕೇಳಬೇಕು ಕೇಳಿ ಎಂದರು. ಸಭೆ ಬಹಳ ಹೊತ್ತು ನಡೆಯಿತು. ಬಸ್ಸಿನವರು, ವ್ಯಾಪಾರಿಗಳು, ಆಶಾ ಕಾರ್ಯಕರ್ತೆಯರು ಒಬ್ಬೊಬ್ಬರೇ ತಮ್ಮ ಕಡೆಯ ಮಾತು ಹೇಳಿದರು, ವೈನಿ ಬರೆದುಕೊಂಡರು. ಆ ದಿನದ ನಂತರ ಅಧಿಕಾರಿ ದೊಡ್ಡ ತೀರ್ಮಾನ ಮಾಡುವ ಮೊದಲು ಮೇಡಂಗೆ ಫೋನ್ ಮಾಡದೆ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ನನಗೆ ಹೇಳಿದಳು. ತಪ್ಪಾಯಿತು ಎಂದವರ ಮೇಲೆ ನಂಬಿಕೆ ಹೆಚ್ಚಾದದ್ದು ನನಗೆ ಆಗ ಸೋಜಿಗವೆನಿಸಿತು. ಈಗ ಅನಿಸುವುದಿಲ್ಲ.

ಎರಡನೆಯ ಬೇಸಿಗೆಯಲ್ಲಿ ಜಡ್ಡು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಮದುವೆ. ನನ್ನ ಮಗಳಿಗೆ ಲಕ್ಷ್ಮೇಶ್ವರದ ವ್ಯಾಪಾರಸ್ಥ ಮನೆತನದ ಹುಡುಗ ಗೊತ್ತಾಗಿದ್ದ. ಹಿಂದಿನ ವರ್ಷವೇ ಆಗಬೇಕಾಗಿದ್ದುದನ್ನು ಒಮ್ಮೆ ಮುಂದೂಡಿದ್ದೆವು. ಗದಗಿನಲ್ಲಿ ಮಂಗಲ ಕಾರ್ಯಾಲಯ ಹಿಡಿದಾಗಿತ್ತು, ಲಗ್ನಪತ್ರಿಕೆ ಹಂಚಿಯಾಗಿತ್ತು. ಇಷ್ಟೇ ಜನ ಕೂಡಬೇಕೆಂಬ ಸರಕಾರದ ಆದೇಶವೂ ಬಂತು. ಊರಿನ ದೊಡ್ಡವರೊಬ್ಬರು ಬಂದು, ಆ ಕಡೆ ಯಾವ ಅಧಿಕಾರಿಯೂ ತಿರುಗಿ ನೋಡದಂತೆ ತಾವು ಹೇಳಿಸುವುದಾಗಿ ಮಾತು ಕೊಟ್ಟು ಹೋದರು.

ಅಪ್ಪನಿಗೆ ದೊಡ್ಡ ಮದುವೆಯೇ ಆಗಬೇಕಾಗಿತ್ತು. ಅದರಲ್ಲಿ ಬಡಿವಾರ ಇರಲಿಲ್ಲ. ಈ ನಾಲ್ಕೂ ಊರುಗಳಲ್ಲಿ ಐವತ್ತು ವರ್ಷದಿಂದ ಎಲ್ಲರ ಮನೆಯ ಮದುವೆಯಲ್ಲಿ ಅವರು ಊಟ ಮಾಡಿದ್ದರು. ತಮ್ಮನ್ನು ಕರೆದವರನ್ನು ತಾವು ಕರೆಯದೆ ಬಿಡುವುದು ಅವರ ಲೋಕದಲ್ಲಿ ಇರಲಿಲ್ಲ. ಮೊಮ್ಮಗಳ ಮದುವೆ ಬೇರೆ. ಮನೆಯಲ್ಲಿ ಅವರಿಗೆ ಎದುರು ಹೇಳುವವರು ಯಾರೂ ಇರಲಿಲ್ಲ. ನನಗೂ ಮನಸ್ಸು ಎರಡಾಗಿತ್ತು. ನನ್ನ ಹೆಂಡತಿ ವೈನಿಗೆ ಫೋನ್ ಮಾಡಿ ಒಮ್ಮೆ ಬಂದು ಹೋಗಿ ಎಂದಳು.

ರವಿವಾರ ಮುಂಜಾನೆ ವೈನಿ ಬಂದರು. ಅಪ್ಪ ಅಂಗಡಿಯ ಹಿಂದಿನ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ವೈನಿ ಎದುರಿಗೆ ಸ್ವಲ್ಪ ದೂರದಲ್ಲಿ ಸ್ಟೂಲ್ ಎಳೆದುಕೊಂಡರು. ಮದುವೆಯ ಮಾತು ತೆಗೆಯಲಿಲ್ಲ. ಜೋಳ ಹೇಗೆ ಬಂದಿದೆ, ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತ ಕೂತರು. ಕೊನೆಗೆ ಅಪ್ಪನೇ ಕೇಳಿದರು. ಅಷ್ಟು ವರ್ಷದಲ್ಲಿ ಅವರು ವೈನಿಯನ್ನು ಏನಾದರೂ ಕೇಳಿದ್ದು ಅದೇ ಮೊದಲು ಇರಬೇಕು.

"ನೀ ಕಲಿತಾಕಿ. ನಿನ್ನ ಲೆಕ್ಕ ಏನ್ ಹೇಳತೈತಿ, ಖರೆ ಹೇಳವಾ."

"ಮದುವಿ ಮಾಡಬ್ಯಾಡ್ರಿ ಅಂತ ಲೆಕ್ಕ ಹೇಳೂದಿಲ್ರಿ ಮಾವಾರ" ಎಂದರು ವೈನಿ. ಒಳಗೆ ಥಪ್ಪಿ ಥಪ್ಪಿಯಾಗಿ ಒಟ್ಟಿದ್ದ ಜೋಳದ ಚೀಲಗಳ ಕಡೆ ನೋಡಿ ಕೇಳಿದರು. "ಈ ಥಪ್ಪಿಗೂ ಆ ಥಪ್ಪಿಗೂ ನಡುವ ಯಾಕ್ರಿ ಜಾಗಾ ಬಿಟ್ಟೀರಿ?"

"ಒಂದಕ್ಕ ನುಸಿ ಹತ್ತಿದ್ರ ಇನ್ನೊಂದಕ್ಕ ಹತ್ತಬಾರದಂತ."

"ಈಗ ನಮ್ಮ ಮುಂಡರಗಿ ಒಂದು ಥಪ್ಪಿ, ಶಿರಹಟ್ಟಿ ಒಂದು, ಲಕ್ಷ್ಮೇಶ್ವರ ಒಂದು, ಗದಗ ಒಂದು. ಮದುವಿ ದಿನ ನಾವು ನಾಕೂ ಥಪ್ಪಿ ಒಡದು ಒಂದ ರಾಶಿ ಮಾಡ್ತೀವ್ರಿ. ಸಂಜಿಕ ಮತ್ತ ಚೀಲಾ ತುಂಬಿ ಆಯಾ ಊರಿಗೆ ಕಳಸ್ತೀವ್ರಿ."

ಅಪ್ಪ ಚೀಲಗಳನ್ನೇ ನೋಡುತ್ತ, ಬಂದವರಲ್ಲಿ ಒಬ್ಬರಿಗೂ ಜಡ್ಡು ಇಲ್ಲದಿದ್ದರೆ ಎಂದು ಕೇಳಿದರು. ಇಲ್ಲದಿದ್ದರೆ ಏನೂ ಆಗುವುದಿಲ್ಲ ಎಂದು ವೈನಿ ಒಪ್ಪಿಕೊಂಡರು.

"ಆದ್ರ ಈ ವಾರ ಅಷ್ಟು ಮಂದ್ಯಾಗ ಒಬ್ಬರಿಗೂ ಇಲ್ಲಂದ್ರ ಅದು ನಸೀಬ್ರಿ. ನಿಮ್ಮನ್ನ ನಸೀಬದ ಮ್ಯಾಲ ಬಿಡಾಕ ನಾ ಒಲ್ಲೇರಿ."

ಅಪ್ಪ ಊಟ ಮಾಡಿ ಹೋಗು ಎಂದಷ್ಟೇ ಹೇಳಿದರು. ವೈನಿ ಹೋಗುವಾಗ ನನ್ನ ಮುಂದೆ ತಮ್ಮ ವಿಚಾರ ಇಟ್ಟರು. ಅಕ್ಷತೆ ನಿಗದಿಯಾದ ದಿನವೇ ಬೀಳಲಿ, ಆದರೆ ಎರಡು ಮನೆಯವರು ಮಾತ್ರ, ನಮ್ಮ ಅಂಗಳದಲ್ಲಿ. ಜಡ್ಡು ಇಳಿದ ಮೇಲೆ ಗಂಡಹೆಂಡಿರು ಒಂದೊಂದೇ ಊರಿಗೆ ಹೋಗಿ ಹಿರಿಯರಿಗೆ ನಮಸ್ಕಾರ ಮಾಡಿ ಬರಲಿ. ಜನ ಮಕ್ಕಳ ಬಳಿ ಬರುವ ಬದಲು ಮಕ್ಕಳು ಜನರ ಬಳಿ ಹೋಗುತ್ತಾರೆ. ಮಗಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ದೊಡ್ಡವ್ವ ಹೇಳಿದಂತೆಯೇ ಆಗಲಿ ಎಂದಳು.

ಮರುದಿನ ಅಪ್ಪ ಸ್ನಾನ, ಪೂಜೆ ಮುಗಿಸಿ ಫೋನ್ ಹಿಡಿದು ಕೂತರು. ಲಗ್ನಪತ್ರಿಕೆ ಕೊಟ್ಟವರಿಗೆಲ್ಲ ತಾವೇ ಫೋನ್ ಮಾಡಿ ಬರಬೇಡಿ ಎಂದು ಹೇಳಿದರು. ಅದು ಅವರಿಗೆ ಎಷ್ಟು ಕಷ್ಟದ ಕೆಲಸ ಎಂಬುದು ನನಗೆ ಗೊತ್ತು. ಕೆಲವರು ಸಿಟ್ಟಾದರು. ಒಬ್ಬ ಹಳೆಯ ಗೆಳೆಯರು ಬಹಳ ಒತ್ತಾಯ ಮಾಡಿದಾಗ ಅಪ್ಪ ಹೇಳಿದ ಮಾತು ಒಳಗಿದ್ದ ನಮಗೆಲ್ಲ ಕೇಳಿಸಿತು.

"ನಮ್ಮ ಸೊಸಿ ಲೆಕ್ಕ ಮಾಡ್ಯಾಳ. ಅಕಿ ಮಾತು ನಾ ಮೀರಂಗಿಲ್ಲ."

ನನ್ನ ಹೆಂಡತಿ ಅಡುಗೆಮನೆಯಲ್ಲಿ ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲಿ ಬಿಟ್ಟು ಕಣ್ಣೊರೆಸಿಕೊಂಡಳು.

ಮದುವೆ ಅಂಗಳದಲ್ಲಿ ಆಯಿತು. ಹಂದರ ಸಣ್ಣದು, ಊಟ ದೂರ ದೂರ ಕೂತು. ಅಪ್ಪ ಹೊಸ ಧೋತರ ಉಟ್ಟು, ಇಷ್ಟೇ ಜನರ ಮದುವೆ ಇಷ್ಟು ಚೆಂದ ಆಗುತ್ತದೆಂದು ಗೊತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿದರು.

ಒಂದು ವಾರದ ನಂತರ ಅಪ್ಪನಿಗೆ ಜ್ವರ ಬಂತು.

ಬೀಗರ ಮನೆಯಲ್ಲೂ ಒಬ್ಬರಿಗೆ ಬಂದಿತ್ತು. ಆ ಅಂಗಳದಲ್ಲೇ ಹತ್ತಿರಬೇಕು. ಅಪ್ಪನಿಗೆ ಉಸಿರಿನ ತೊಂದರೆ ಆಗಿ ಗದಗಕ್ಕೆ ಒಯ್ದೆವು. ಹಾಸಿಗೆ ಸಿಕ್ಕಿತು, ಆದರೆ ನಮ್ಮನ್ನು ಒಳಗೆ ಬಿಡಲಿಲ್ಲ. ಬೆಟಗೇರಿಯ ಮನೆಯ ಕಟ್ಟೆಯ ಮೇಲೆ ಕೂತು ನಾನು ವೈನಿಗೆ, ಇಷ್ಟೆಲ್ಲ ಮಾಡಿದರೂ ಬಂತಲ್ಲ ಎಂದೆ. ಬೈಯಬೇಕೆಂದು ಅಂದದ್ದಲ್ಲ. ಅಂದುಬಿಟ್ಟೆ.

"ಬರೂದಿಲ್ಲಂತ ಲೆಕ್ಕ ಎಂದೂ ಹೇಳಿಲ್ರಿ. ಕಡಿಮಿ ಮಂದಿಗೆ ಬರತೈತಿ ಅಂತ ಅಷ್ಟ ಹೇಳತೈತಿ" ಎಂದರು. ಆಮೇಲೆ, "ಆ ಕಡಿಮಿ ಮಂದ್ಯಾಗ ನಮ್ಮವ್ರು ಇದ್ದಾರೋ ಇಲ್ಲೋ ಅದಕ್ಕ ಗೊತ್ತಿರೂದಿಲ್ರಿ" ಎಂದರು.

ಚಷ್ಮಾ ತೆಗೆದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಎದ್ದು ಒಳಗೆ ಹೋಗಿ ಮೆತ್ತಗೆ ಜೋಳದ ನುಚ್ಚು ಕುದಿಸಿ ಡಬ್ಬಿಗೆ ಹಾಕಿ, ಆಸ್ಪತ್ರೆಯ ಗೇಟಿಗೆ ಹೊರಟರು. ಅಪ್ಪ ಅಲ್ಲಿದ್ದಷ್ಟು ದಿನವೂ ಆ ಡಬ್ಬಿ ತಪ್ಪಲಿಲ್ಲ. ಡಬ್ಬಿಯ ಜೊತೆ ಒಂದು ಚೀಟಿ. ಮನೆಯ ಸುದ್ದಿ, ಮಳೆಯ ಸುದ್ದಿ, ಮೊಮ್ಮಗಳ ಸುದ್ದಿ. ಗಣಿತ ಇರುತ್ತಿರಲಿಲ್ಲ.

ಅಪ್ಪ ಉಳಿದರು. ಬೀಗರ ಕಡೆಯವರೂ ಆರಾಮಾದರು. ನಮ್ಮ ಮದುವೆಯಿಂದ ಜಡ್ಡು ಮತ್ತಾರಿಗೂ ಹೋದ ಸುದ್ದಿ ಬರಲಿಲ್ಲ. ಆ ಬೇಸಿಗೆಯಲ್ಲಿ ದೊಡ್ಡದಾಗಿ ನಡೆದ ಮದುವೆಗಳೂ ಇದ್ದವು, ಅವುಗಳ ಹಿಂದೆ ಬಂದ ಸಾವುಗಳ ಮಾತೂ ಕೇಳಿಬರುತ್ತಿತ್ತು. ನೋಡಿ, ನಿಮ್ಮ ಲೆಕ್ಕ ಖರೆಯಾಯಿತು ಎಂದು ನಾನು ಒಮ್ಮೆ ವೈನಿಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ಇನ್ನೊಬ್ಬರ ಮನೆಯ ದುಃಖ ನನ್ನ ಲೆಕ್ಕಕ್ಕೆ ಸಾಕ್ಷಿಯಾಗುವುದು ಬೇಡ, ಒಂದೆರಡು ಮದುವೆ ನೋಡಿ ಏನನ್ನೂ ಸಿದ್ಧ ಮಾಡಲೂ ಆಗುವುದಿಲ್ಲ ಎಂದರು. ಹಾಸಿಗೆ ಸಿಕ್ಕಿತಲ್ಲ, ಅದಾದರೂ ಸಂತೆ ಒಡೆದದ್ದರಿಂದ, ಸಭೆಗಳಿಂದ ಎನ್ನಬಹುದೇ ಎಂದು ಕೇಳಿದೆ. ಇರಬಹುದು, ಗೊತ್ತಿಲ್ಲ, ಆಗದೆ ಹೋದದ್ದನ್ನು ಎಣಿಸಲು ಬರುವುದಿಲ್ಲ ಎಂದರು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಪ್ಪ ಮುಂಡರಗಿಗೆ ಬರಲಿಲ್ಲ. ಡಾಕ್ಟರು ಹತ್ತಿರವೇ ಇರಲಿ ಎಂದಿದ್ದರಿಂದ ಬೆಟಗೇರಿಯ ಮನೆಯಲ್ಲಿ ಉಳಿದರು. ಆ ಮನೆಯಲ್ಲಿ ಅವರು ಮಲಗಿ ಎದ್ದದ್ದು ಅದೇ ಮೊದಲು. ನಾನು ನೋಡಲು ಹೋದಾಗ ಒಂದು ಮಧ್ಯಾಹ್ನ ಅಪ್ಪ, ವೈನಿ ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಅಪ್ಪ ಚಷ್ಮಾ ಏರಿಸಿಕೊಂಡು ಪರದೆಯ ಮೇಲಿನ ಗೆರೆಗಳನ್ನು ಪರೀಕ್ಷೆ ಮಾಡುತ್ತಿದ್ದರು. ಕಾಳಿನ ಗುಣ ನೋಡುವಾಗ ಅವರು ಹೀಗೆಯೇ ಬಗ್ಗುತ್ತಾರೆ.

"ಇದರಾಗ ನಾ ಎಲ್ಲಿದ್ದೀನಿ?" ಎಂದು ಕೇಳಿದರು.

ವೈನಿ ತಗ್ಗಾದ ಗೆರೆ ಇಳಿಯುವ ಕಡೆ ಬೆರಳಿಟ್ಟರು. "ಇಲ್ಲೆಲ್ಲೋ ಇದ್ದೀರಿ ಮಾವಾರ. ಒಬ್ಬೊಬ್ಬರ ಇದರಾಗ ಕಾಣೂದಿಲ್ರಿ. ಅದ ಇದರ ಕೊರತಿ."

ಅಪ್ಪ ತಲೆಯಾಡಿಸಿದರು. ಆಮೇಲೆ ಗೀಟುಗಳು ಏಕೆ ದಪ್ಪ, ಏಕೆ ತೆಳು ಎಂದು ಕೇಳಿ, ಮುಂಡರಗಿಯಿಂದ ಶಿರಹಟ್ಟಿಯ ಗೀಟು ಸುಗ್ಗಿಯಲ್ಲಿ ಇನ್ನಷ್ಟು ದಪ್ಪ ಇರಬೇಕು ಎಂದು ವಾದ ಹೂಡಿದರು. ವೈನಿ ಒಪ್ಪಲಿಲ್ಲ. ಚಹಾ ಆರಿಹೋಗುವ ತನಕ ಇಬ್ಬರೂ ಜಗಳವಾಡಿದರು. ಅಲ್ಲೇ ಒಲೆಯ ಹತ್ತಿರವಿದ್ದ ಅಣ್ಣನ ಕಡೆ ನೋಡಿದೆ. ಅವನು ಕಿಟಕಿಯ ಕಡೆ ತಿರುಗಿ ನಿಂತಿದ್ದ.

ವೈನಿ ಈಗಲೂ ಪಾಠ ಮಾಡುತ್ತಾರೆ. ಕೊರೊನಾದ ಮಾತು ಜನರ ಬಾಯಲ್ಲಿ ಕಡಿಮೆಯಾಗಿದೆ. ಅವರ ಹೆಸರು ಎಲ್ಲೂ ಬರಲಿಲ್ಲ, ಸನ್ಮಾನವೂ ಆಗಲಿಲ್ಲ. ಸಭೆಗೆ ಕರೆಸಿದ ಅಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಡಾಕ್ಟರಮ್ಮ ಮಾತ್ರ ಮಳೆಗಾಲ ಬಂತೆಂದರೆ ಫೋನ್ ಮಾಡುತ್ತಾಳೆ, ಡೆಂಗಿಯ ಸಲುವಾಗಿ. ಅದು ಮನುಷ್ಯರಿಂದ ಮನುಷ್ಯರಿಗೆ ನೇರ ಹತ್ತುವ ಜಡ್ಡಲ್ಲ, ನಡುವೆ ಸೊಳ್ಳೆ ಇದೆ, ಆದ್ದರಿಂದ ಜನರನ್ನು ದೂರ ಇಟ್ಟು ಉಪಯೋಗವಿಲ್ಲ, ಲೆಕ್ಕವನ್ನೇ ಹೊಸದಾಗಿ ಕಟ್ಟಬೇಕು ಎಂದು ವೈನಿ ನನಗೆ ಉತ್ಸಾಹದಿಂದ ವಿವರಿಸಿದರು. ನನಗೆ ಅರ್ಧ ತಿಳಿಯಿತು.

ಹೋದ ತಿಂಗಳು ಅದೇ ಕೆಲಸಕ್ಕೆ ಮುಂಡರಗಿಗೆ ಬಂದಿದ್ದರು. ಬಸ್ ನಿಲ್ದಾಣದಿಂದ ಮನೆಗೆ ಕರೆತರಲು ಹೋದರೆ ಅವರು ಅಲ್ಲಿರಲಿಲ್ಲ. ಹಿಂದಿನ ಓಣಿಯಲ್ಲಿ, 'ಅವ್ವಾರ, ನಳಾ ಎಷ್ಟು ದಿನಕ್ಕೊಮ್ಮಿ ಬರತಾವ್ರಿ' ಎಂದು ಕೇಳುವ ದನಿ ಬಂತು. ನೋಡಿದರೆ ವೈನಿ ಯಾರದೋ ಮನೆಯ ಮುಂದಿನ ನೀರಿನ ಬ್ಯಾರಲ್ಲಿನ ಮುಚ್ಚಳ ಎತ್ತಿ, ತಲೆ ಬಗ್ಗಿಸಿ ಒಳಗೆ ಸೊಳ್ಳೆಯ ಮರಿಗಳಿವೆಯೇ ಎಂದು ನೋಡುತ್ತಿದ್ದರು. ಆ ಮನೆಯ ಮುದುಕಿ ಅವರಿಗೆ ಕೂರಲು ಮಣೆ ತಂದು ಹಾಕಿ, ನೀರಿನ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದ್ದಳು. ವೈನಿ ಕೂತರು. ನಾನು ಸ್ವಲ್ಪ ದೂರದಲ್ಲಿ ಗಾಡಿಯ ಹತ್ತಿರ ನಿಂತುಕೊಂಡೆ.